ಆರ್‌ಓ ವಾಟರ್ ಫಿಲ್ಟರ್ ಸ್ಲೋ ಆಯ್ತು ಅಂದ ತಕ್ಷಣ ಮೆಂಬ್ರೇನ್‌ಗೆ ದುಡ್ಡು ಕೊಡಬೇಡಿ, ನಾನು ಕೊಟ್ಟು ಕೆಟ್ಟೆ

ಹದಿನೈದು ದಿನ ಸುಮ್ನಿದ್ದೆ, ಮನೇಲೂ "ಹೋಗ್ಲಿ ಬಿಡು" ಅಂದ್ರು. ಆದ್ರೆ ನಿನ್ನೆ ಪಕ್ಕದ ಬೀದಿ ಆಂಟಿ ಮನೇಲೂ ನಮ್ಮನೆಗೆ ಬರೋ ಆರ್‌ಓ ಸರ್ವಿಸ್ ಹುಡುಗನೇ ಮೆಂಬ್ರೇನ್ (ಆರ್‌ಓ ಒಳಗೆ ನೀರು ಸೋಸೋ ಪೊರೆ) ಹೋಗಿದೆ ಅಂತ ನಮಗೆ ಹೇಳಿದ ಮಾತೇ ಹೇಳಿದಾನೆ ಅಂತ ಗೊತ್ತಾಯ್ತು, ಅದಕ್ಕೇ ಬರೀತಿದೀನಿ.

ನಮ್ದು ತುಮಕೂರು. ಬೋರ್ ನೀರು, ಟಿಡಿಎಸ್ (ನೀರಲ್ಲಿ ಕರಗಿರೋ ಲವಣದ ಅಂಶ) 640. ದಸರಾ ಆದ್ಮೇಲೆ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ನಾವು ಮೇಲಿನ ಮನೆಗೆ ಬಂದ್ವಿ. ಆರ್‌ಓ ಬಿಚ್ಚಿ ಮೇಲೆ ಫಿಟ್ ಮಾಡಿದ್ದು ಅದೇ ಹುಡುಗ, 600 ರೂಪಾಯಿ ತಗೊಂಡ. ಇದನ್ನ ನೆನಪಿಟ್ಕೊಳ್ಳಿ.

ಕೆಳಗಿದ್ದಾಗ ಮುಕ್ಕಾಲು ಗಂಟೇಲಿ ತುಂಬ್ತಿದ್ದ 8 ಲೀಟರ್ ಟ್ಯಾಂಕು ಡಿಸೆಂಬರ್‌ನಲ್ಲಿ ಎರಡೂವರೆ ಗಂಟೆ ಆದ್ರೂ ತುಂಬ್ತಿರ್ಲಿಲ್ಲ. ಮೋಟಾರ್ ಗರ್ ಅನ್ನೋದು, ಟಕ್ ಅಂತ ನಿಲ್ಲೋದು, ಮತ್ತೆ ಗರ್. ವೇಸ್ಟ್ ನೀರಿನ ಪೈಪಲ್ಲೂ ಸಣ್ಣಗೆ ಬರ್ತಿತ್ತು. ಫೋನ್ ಮಾಡಿದೆ, ಬಂದ, ಕವರ್ ತೆಗೆದ, ಎರಡು ನಿಮಿಷ ನೋಡಿದ. "ಮೆಂಬ್ರೇನ್ ಚೋಕ್ ಆಗಿದೆ ಮೇಡಂ, ಬೋರ್ ನೀರಲ್ವಾ". ಹದಿನಾಲ್ಕೇ ತಿಂಗಳಾಗಿದೆಯಲ್ಲಪ್ಪ ಅಂದೆ. "ಬೋರ್ ನೀರಿಗೆ ಹಾಗೇ ಮೇಡಂ". 3,800 ಕೊಟ್ಟೆ. ಹಳೇದನ್ನ ಬ್ಯಾಗಿಗೆ ಹಾಕ್ಕೊಂಡು ಹೋದ, ನಾನೂ ಕೇಳ್ಲಿಲ್ಲ.

ಮಾರನೇ ದಿನ ನೋಡಿದ್ರೆ ಅದೇ ಗರ್, ಅದೇ ಟಕ್. ಒಂದು ಚೂರೂ ವ್ಯತ್ಯಾಸ ಇಲ್ಲ.

ಮತ್ತೆ ಕರೆಸಿದೆ. ಆಗ ಹೇಳ್ತಾನೆ, "ನಿಮ್ಮನೇಲಿ ನೀರಿನ ಪ್ರೆಶರ್ರೇ ಇಲ್ಲ ಮೇಡಂ, ಪ್ರೆಶರ್ ಪಂಪ್ ಹಾಕಿಸ್ಲೇಬೇಕು". ಹಾಗಾದ್ರೆ ಮೆಂಬ್ರೇನ್ ಯಾಕೆ ಹಾಕ್ದೆ? "ಅದೂ ಹೋಗಿತ್ತು ಮೇಡಂ". ಹೋಗಿತ್ತು ಅಂತ ಹೇಗೆ ಗೊತ್ತಾಯ್ತು, ತೋರ್ಸು ಅಂದ್ರೆ "ನಿಮಗೆ ಅದೆಲ್ಲ ಗೊತ್ತಾಗಲ್ಲ, ಸರ್‌ಗೆ ಫೋನ್ ಕೊಡಿ". ಮೈಯೆಲ್ಲ ಉರಿದುಹೋಯ್ತು, ಆದ್ರೂ ಕುಡಿಯೋ ನೀರಿನ ವಿಷಯ, ಮನೇಲಿ ವಯಸ್ಸಾದ ಅತ್ತೆ ಇದಾರೆ, ಹಾಕು ಅಂದೆ. ಪಂಪು, ಫಿಟ್ಟಿಂಗು ಎಲ್ಲ ಸೇರಿ 11,500. ನೀರು ಜೋರಾಗಿ ಬಂತು, ಸರಿಹೋಯ್ತು ಅಂದ್ಕೊಂಡೆ.

ಮೂರು ವಾರ ಆದ್ಮೇಲೆ ರಾತ್ರಿ ಎರಡು ಗಂಟೆಗೆ ಅಡುಗೆಮನೇಲಿ ಶಬ್ದ. ಎದ್ದು ಬಂದ್ರೆ ಕಾಲಿಗೆ ನೀರು. ಆರ್‌ಓಗೆ ಹೋಗೋ ಮುಂಚೆ ನೀರಿನ ಕಸ ಸೋಸೋಕೆ ಗೋಡೆಗೆ ಹಾಕಿರೋ ಪ್ರೀ ಫಿಲ್ಟರ್ ಬೌಲು ಕುತ್ತಿಗೆ ಹತ್ರ ಉದ್ದಕ್ಕೆ ಬಿರುಕು ಬಿಟ್ಟಿದೆ, ನೀರು ಎದುರಿನ ಗೋಡೆಗೆ ಚಿಮ್ತಾ ಇದೆ, ನೀರು ಹೋಗ್ತಿರೋದಕ್ಕೆ ಪ್ರೆಶರ್ ಪಂಪು ತಾನಾಗೇ ಓಡ್ತಾನೇ ಇದೆ. ರಾಗಿ ಹಿಟ್ಟಿನ ಡಬ್ಬ ತೇಲ್ತಿತ್ತು. ಕೆಳಗಿನ ಮನೆಯವರಿಗೆ ಸೀಲಿಂಗಿಂದ ತೊಟ್ಟಿಕ್ಕಿ ಅವ್ರೂ ಎದ್ದು ಬಂದ್ರು, ಅವರ ಮುಂದೆ ತಲೆ ಎತ್ತೋಕಾಗ್ಲಿಲ್ಲ.

ಬೆಳಿಗ್ಗೆ ಆಫೀಸಿಗೇ ಫೋನ್ ಮಾಡಿದೆ. ಅವರು ಹೇಳಿದ್ದು ಕೇಳಿ: "ನಿಮ್ಮನೇಲಿ ಪ್ರೆಶರ್ ಜಾಸ್ತಿ ಇದೆ ಮೇಡಂ, ಅದಕ್ಕೆ ವಾರಂಟಿ ಬರಲ್ಲ, ಮ್ಯಾನ್ಯುಯಲ್ ನೋಡಿ". ಇಪ್ಪತ್ತು ದಿನದ ಹಿಂದೆ ಪ್ರೆಶರ್ ಇಲ್ಲ ಅಂದು ಪಂಪ್ ಹಾಕಿದ್ದು ನಿಮ್ಮ ಹುಡುಗನೇ ಅಲ್ವಾ? "ಪಂಪ್ ನಮ್ಮ ಬಿಲ್ಲಲ್ಲಿ ಇಲ್ಲ ಮೇಡಂ". ಬಿಲ್ ತೆಗೆದು ನೋಡಿದ್ರೆ ನಿಜ, ಬಿಳಿ ಚೀಟೀಲಿ ಬರೆದುಕೊಟ್ಟಿದಾನೆ! ಆ ಕ್ಷಣ ನಾನು ಎಷ್ಟು ಪೆದ್ದಿ ಅನ್ನಿಸ್ತು ಅಂದ್ರೆ ಹೇಳೋಕಾಗಲ್ಲ.

ಆಮೇಲೆ ನಮ್ಮ ಹಳೇ ಪ್ಲಂಬರ್ ಬಂದು ನಲ್ಲಿಗೆ ಪ್ರೆಶರ್ ಗೇಜ್ ಹಾಕಿದ್ರು. ಪಂಪ್ ಆನ್ ಇದ್ದಾಗ 3.2 ಕೆಜಿ (ಪ್ರೆಶರ್ ಲೆಕ್ಕ ಚದರ ಸೆಂಟಿಮೀಟರ್‌ಗೆ ಇಷ್ಟು ಕೆಜಿ ಅಂತ). ಬೈಪಾಸ್ ಮಾಡಿದ್ರೆ ಕಾಲು ಕೆಜಿ. ನಮ್ಮ ಮಷಿನ್ ಮ್ಯಾನ್ಯುಯಲ್ಲಲ್ಲಿ ಬರೆದಿರೋದು 0.3ರಿಂದ 2 ಕೆಜಿ. ಹತ್ತು ಮೀಟರ್ ಎತ್ತರಕ್ಕೆ ಒಂದು ಕೆಜಿ ಪ್ರೆಶರ್ ಬರೋದಂತೆ, ಮೇಲಿನ ಮನೇಲಿ ತಾರಸಿ ಟ್ಯಾಂಕು ತಲೆ ಮೇಲೇ ಇರುತ್ತಲ್ಲ, ಎಲ್ಲಿಂದ ಬರ್ಬೇಕು? ನೀರು ಸಾಲ್ದೇ ಇದ್ರೆ ಮೋಟಾರ್ ನಿಲ್ಸೋಕೆ ಒಳಗೆ ಎಲ್‌ಪಿಎಸ್ ಅಂತ ಸ್ವಿಚ್ ಇದೆ, ಆ ಟಕ್ ಟಕ್ ಅದರದ್ದೇ. ಮೆಂಬ್ರೇನ್ ಚೋಕ್ ಆಗಿದ್ರೆ ಒಳ್ಳೆ ನೀರು ಮಾತ್ರ ಕಮ್ಮಿ ಆಗ್ತಿತ್ತು, ವೇಸ್ಟ್ ನೀರು ಚೆನ್ನಾಗೇ ಬರ್ತಿತ್ತು ಅಂದ್ರು. ನಮ್ಮಲ್ಲಿ ಎರಡೂ ಕಮ್ಮಿ ಇತ್ತು. ಮಷಿನ್ ಕೆಳಗಿಂದ ಮೇಲೆ ತಂದು ಹಾಕಿದವನೇ ಅವನು, ಅವನಿಗೆ ಇದು ಗೊತ್ತಿರ್ಲಿಲ್ವಾ?

ಚಳಿದೂ ಒಂದು ಪಾಲಿದೆ. ಮೆಂಬ್ರೇನ್ ಲೆಕ್ಕ ಎಲ್ಲ 25 ಡಿಗ್ರಿ ನೀರಿಗೆ, ಅದಕ್ಕಿಂತ ಒಂದೊಂದು ಡಿಗ್ರಿ ತಣ್ಣಗಾದಾಗ್ಲೂ ಸುಮಾರು 3 ಪರ್ಸೆಂಟ್ ನೀರು ಕಮ್ಮಿ. ಮಗಳ ಲ್ಯಾಬ್ ಥರ್ಮಾಮೀಟರ್ ಇಟ್ಟು ನೋಡಿದೆ, ಬೆಳಿಗ್ಗೆ ನಲ್ಲಿ ನೀರು 18 ಡಿಗ್ರಿ. ಅಂದ್ರೆ ಐದರಲ್ಲಿ ಒಂದು ಪಾಲು ಹಾಗೇ ಹೋಯ್ತು, ಯಾರ ತಪ್ಪೂ ಇಲ್ದೆ.

ಪ್ಲಂಬರ್ ಪಿಆರ್‌ವಿ ಅಂತ ಪ್ರೆಶರ್ ಇಳಿಸೋ ವಾಲ್ವ್ ಹಾಕಿ ಒಂದು ಕೆಜಿಗೆ ಸೆಟ್ ಮಾಡಿದ್ರು, ಕೂಲಿ ಸೇರಿ 900 ರೂಪಾಯಿ. ಟ್ಯಾಂಕು ಈಗ ಒಂದು ಗಂಟೇಲಿ ತುಂಬುತ್ತೆ.

ದಯವಿಟ್ಟು ಗೇಜ್ ಹಾಕದೆ ಮೆಂಬ್ರೇನ್ ಅಂದವನಿಗೆ ಒಂದು ರೂಪಾಯಿ ಕೊಡಬೇಡಿ. ಹಳೇ ಪಾರ್ಟ್ ಮನೇಲೇ ಇಟ್ಕೊಳ್ಳಿ. ಪ್ರೆಶರ್ ಪಂಪ್ ಇರೋರು ಪಿಆರ್‌ವಿ ಇದೆಯಾ ಇವತ್ತೇ ನೋಡಿ, ರಾತ್ರಿ ಆರ್‌ಓಗೆ ನೀರು ಬರೋ ನಲ್ಲಿ ಬಂದ್ ಮಾಡಿ ಮಲಗಿ. ಸೋಲಾರ್ ಬಿಸಿನೀರಿನ ಲೈನಿಂದ ಮಾತ್ರ ಕನೆಕ್ಷನ್ ಕೊಡಿಸ್ಲೇಬೇಡಿ, 45 ಡಿಗ್ರಿ ದಾಟಿದ್ರೆ ಮೆಂಬ್ರೇನ್ ನಿಜವಾಗ್ಲೂ ಹೋಗುತ್ತೆ.

ಮೊನ್ನೆ ಆಫೀಸಿಂದ ಫೋನ್, ಎಎಂಸಿ (ವರ್ಷದ ಸರ್ವಿಸ್ ಕಾಂಟ್ರ್ಯಾಕ್ಟ್) ರಿನ್ಯೂ ಮಾಡಿಸಿ ಅಂತ. ನನ್ನ ಹಳೇ ಮೆಂಬ್ರೇನ್ ವಾಪಸ್ ತಂದ್ಕೊಡಿ, ಆಮೇಲೆ ಮಾತಾಡೋಣ ಅಂದೆ. ಕಟ್ ಮಾಡಿದ್ರು.