ಒಣಹುಲ್ಲಿನ ತೇವಾಂಶ ಮೀಟರ್: ಪೆಂಡಿಗೆ ಸರಿ, ಸಾಲಿಗೆ ಸಾಲದು

ಉದ್ದನೆಯ ಕಡ್ಡಿ, ಅದರ ತುದಿಯಲ್ಲಿ ಎರಡು ಲೋಹದ ಸಂಪರ್ಕ, ಹಿಡಿಯ ಬಳಿ ಪುಟ್ಟ ಪರದೆ. ಹುಲ್ಲಿನೊಳಗೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆಂದು ಅಳೆದು, ಅದನ್ನೇ ತೇವಾಂಶವೆಂದು ತೋರಿಸುವ ಸಾಧನವಿದು. ಇದರ ಗುಣ, ದೋಷ ಎರಡೂ ಹುಟ್ಟುವುದು ಅಲ್ಲಿಂದಲೇ.

ಬೇಲರ್ (ಹುಲ್ಲನ್ನು ಒತ್ತಿ ಕಟ್ಟುವ ಯಂತ್ರ) ಪೆಂಡಿ ಕಟ್ಟಿದ ಮೇಲೆ ಇದು ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಚಿಕ್ಕ ಚೌಕ ಪೆಂಡಿಯಲ್ಲಿ ತೇವ ಶೇ. 18ರೊಳಗಿರಬೇಕು. ದೊಡ್ಡ ಪೆಂಡಿಯಲ್ಲಿ ತೇವದಿಂದ ಹುಟ್ಟುವ ಬಿಸಿ ಹೊರಹೋಗಲು ದಾರಿ ಕಡಿಮೆಯಾದ್ದರಿಂದ ಶೇ. 15–16ಕ್ಕೆ ಇಳಿಯಬೇಕು. ಶೇ. 20 ದಾಟಿದರೆ ಬೂಷ್ಟು ಹಿಡಿಯುವುದು ಬಹುತೇಕ ಖಚಿತ. ಒಂದೇ ಕಡೆ ಚುಚ್ಚಿ ನಂಬಬೇಡಿ. ಹತ್ತು ಕಡೆಯಾದರೂ ಅಳೆದು, ಸರಾಸರಿಯನ್ನಲ್ಲ, ಅತಿ ಹೆಚ್ಚು ಬಂದ ಅಂಕಿಯನ್ನೇ ಗಮನಿಸಿ. ಇಡೀ ಬಣವೆ ಕೆಡಲು ಒದ್ದೆ ಪೆಂಡಿ ಒಂದೇ ಸಾಕು. ಬಿಗಿಯಾಗಿ ಕಟ್ಟಿದ ಪೆಂಡಿ ಇದ್ದುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ, ಬೂಷ್ಟು ತಡೆಯುವ ಪ್ರೊಪಿಯಾನಿಕ್ ಆಮ್ಲ ಸಿಂಪಡಿಸಿದ್ದರೂ ಅಷ್ಟೇ.

ಕೊಯ್ದು ಒಣಗಲು ಹೊಲದಲ್ಲಿ ಬಿಟ್ಟ ಹುಲ್ಲಿನ ಸಾಲಿನಲ್ಲಿ ಮಾತ್ರ ಇದನ್ನು ನೆಚ್ಚಿಕೊಳ್ಳಲಾಗದು. ಸಡಿಲ ಹುಲ್ಲಿನಲ್ಲಿ ಗಾಳಿಯೇ ಹೆಚ್ಚು, ಅಂಕಿ ಕೆಳಗಿಳಿಯುತ್ತದೆ. ಇಬ್ಬನಿ ಇದ್ದರೆ ಏರುತ್ತದೆ. ಕುದುರೆಮೆಂತ್ಯದಲ್ಲಂತೂ ಎಲೆ ಗರಿಗರಿಯಾದರೂ ದಂಟಿನೊಳಗೆ ನೀರು ಉಳಿದಿರುತ್ತದೆ; ಕಡ್ಡಿಗೆ ತಾಕುವುದು ಎಲೆ. ಕಟ್ಟಿದ ಮೇಲೆ ಆ ನೀರು ಹರಡಿ ಅಂಕಿ ಮೇಲೇರಿದಾಗ ಕಾಲ ಮಿಂಚಿರುತ್ತದೆ. ಬಕೆಟ್ಟಿಗೆ ಹುಲ್ಲು ತುರುಕಿ, ಗಟ್ಟಿಯಾಗಿ ಒತ್ತಿ ಅಳೆದರೆ ಸ್ವಲ್ಪ ವಾಸಿ. ಜೊತೆಗೆ ದಂಟನ್ನು ಉಗುರಿನಿಂದ ಕೆರೆಯಿರಿ. ಸಿಪ್ಪೆ ಏಳುತ್ತಿದ್ದರೆ ಇನ್ನೂ ಒಣಗಿಲ್ಲ.

ಕೊಂಡ ಕೂಡಲೇ ಮೀಟರನ್ನು ಮೈಕ್ರೋವೇವ್‌ನಿಂದ ಪರೀಕ್ಷಿಸಿ. ಕತ್ತರಿಸಿದ 100 ಗ್ರಾಂ ಹುಲ್ಲು, ಪಕ್ಕದಲ್ಲಿ ಒಂದು ಲೋಟ ನೀರು. ಮೊದಲು 2–3 ನಿಮಿಷ, ಆಮೇಲೆ 30 ಸೆಕೆಂಡಿಗೊಮ್ಮೆ ತೂಗುತ್ತ ಹೋಗಿ. ತೂಕ ಇಳಿಯುವುದು ನಿಂತಾಗ ಕಳೆದುಹೋದ ಗ್ರಾಮುಗಳೇ ತೇವಾಂಶದ ಶೇಕಡಾ. ಹುಲ್ಲು ಕಪ್ಪಾದರೆ ಆ ಲೆಕ್ಕ ಬಿಟ್ಟು ಹೊಸ ಮಾದರಿ ತೆಗೆದುಕೊಳ್ಳಿ. ಮೀಟರಿಗೂ ಇದಕ್ಕೂ ಇರುವ ಅಂತರವನ್ನು ಬೆಳೆವಾರು ಬರೆದಿಡಿ.

ಕೊಳ್ಳುವುದಾದರೆ ಉಷ್ಣತೆಯನ್ನೂ ತೋರಿಸುವ, ಪೆಂಡಿಯ ನಡುವಿಗೆ ಮುಟ್ಟುವಷ್ಟು ಉದ್ದದ ಮಾದರಿಯೇ ಯೋಗ್ಯ. ಮೊದಲ ಮೂರು ವಾರ ಉಷ್ಣತೆ ನೋಡುತ್ತಿರಬೇಕು. 55 ಡಿಗ್ರಿ ಸೆಲ್ಸಿಯಸ್ ದಾಟಿದರೆ ಹುಲ್ಲು ಕಂದಾಗಿ, ಪ್ರೋಟೀನ್ ದನಕ್ಕೆ ಜೀರ್ಣವಾಗದಂತೆ ಕಟ್ಟಿಹೋಗುತ್ತದೆ. 65ಕ್ಕೆ ಅಪಾಯ ಶುರು, 80ರ ಹೊತ್ತಿಗೆ ಬೆಂಕಿಯ ಭಯ. ಬಳಸಿದ ಮೇಲೆ ತುದಿಯನ್ನು ಒರೆಸಿಡಿ, ಅಂಟಿದ ರಸದ ಪೊರೆಯೂ ಅಂಕಿ ಕೆಡಿಸುತ್ತದೆ.