ಚಿಪ್ಪಿನ ಗೆರೆ ಎಣಿಸಲು ಯಾವುದು ಮೇಲು: ಅಸಿಟೇಟ್ ಹಾಳೆಯೋ, ನೀಲಿ ಬಣ್ಣವೋ?

ಉತ್ತರ ಅಟ್ಲಾಂಟಿಕ್‌ನ ಆರ್ಕ್ಟಿಕಾ ಐಲ್ಯಾಂಡಿಕಾ ಎಂಬ ಕಪ್ಪೆಚಿಪ್ಪು ವರ್ಷಕ್ಕೊಂದು ಗೆರೆ ಹಾಕುತ್ತಾ ಬೆಳೆಯುತ್ತದೆ. ಆಹಾರ ಚೆನ್ನಾಗಿ ಸಿಕ್ಕ ವರ್ಷ ಗೆರೆಗಳ ನಡುವೆ ಅಂತರ ಜಾಸ್ತಿ, ಇಲ್ಲದ ವರ್ಷ ಕಮ್ಮಿ. ಆ ಗೆರೆ ಓದುವ ಎರಡು ವಿಧಾನಗಳನ್ನೂ ನಾನು ಮಾಡಿ ನೋಡಿದ್ದೇನೆ.

ಮೊದಲ ಕೆಲಸ ಎರಡಕ್ಕೂ ಒಂದೇ. ಚಿಪ್ಪನ್ನು ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಕೂರಿಸಿ, ಕೀಲಿನಿಂದ ಅಂಚಿನವರೆಗೆ ಕೊಯ್ದು, ನುಣ್ಣಗೆ ಉಜ್ಜಬೇಕು.

ಹಾಳೆಯ ವಿಧಾನದಲ್ಲಿ ಕೊಯ್ದ ಮುಖವನ್ನು ತೆಳು ಆಮ್ಲದಲ್ಲಿ ಸ್ವಲ್ಪ ಹೊತ್ತು ಅದ್ದುತ್ತೇವೆ. ಗೆರೆಗಳು ಉಬ್ಬುತಗ್ಗಾಗಿ ಏಳುತ್ತವೆ. ಅಸಿಟೋನ್ ಸುರಿದು ಅಸಿಟೇಟ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಒತ್ತಿ, ಒಣಗಿದ ಮೇಲೆ ಕಿತ್ತರೆ ಗೆರೆಗಳ ಅಚ್ಚು ಬಂದಿರುತ್ತದೆ. ಒಂದು ಗಾಳಿಗುಳ್ಳೆ ಸಿಕ್ಕಿಕೊಂಡರೆ ಸಾಕು, ಹಲವು ವರ್ಷಗಳ ಗೆರೆ ಕಾಣೋದೇ ಇಲ್ಲ. ಮತ್ತೆ ಉಜ್ಜಿ ಶುರು ಮಾಡಬೇಕು.

ಇನ್ನೊಂದು ನೀಲಿ ಬಣ್ಣದ ವಿಧಾನ. ಇದಕ್ಕೆ ಬಳಸುವುದು ಮುಟ್ವೈ ದ್ರಾವಣ. ಅಸಿಟಿಕ್ ಆಮ್ಲ, ಗ್ಲುಟರಾಲ್ಡಿಹೈಡ್, ಆಲ್ಸಿಯನ್ ಬ್ಲೂ ಬಣ್ಣ ಸೇರಿದ್ದು. 37–40 ಡಿಗ್ರಿ ಬಿಸಿಯಲ್ಲಿ ಚಿಪ್ಪು ನೆನೆದರೆ ಗೆರೆಗಳು ಕಡುನೀಲಿಯಾಗಿ ಎದ್ದು ಕಾಣುತ್ತವೆ. ನೋಡಲು ಬಲು ಚೆಂದ. ಎಳೆ ವಯಸ್ಸಿನ ಅಗಲ ಪಟ್ಟಿಗಳಿಗೆ ನಾನು ಇದನ್ನೇ ಆರಿಸುತ್ತೇನೆ. ಆದರೆ ಗ್ಲುಟರಾಲ್ಡಿಹೈಡ್ ಕಣ್ಣು, ಮೂಗು ಉರಿಸುತ್ತದೆ. ಹೊಗೆ ಎಳೆಯುವ ಪೆಟ್ಟಿಗೆ ಇಲ್ಲದೆ ಮುಟ್ಟಲೇಬೇಡಿ.

ಮುದಿ ಚಿಪ್ಪಿಗಾದರೆ ನನ್ನ ಆಯ್ಕೆ ಹಾಳೆಯೇ. ಅಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದಂತೆ ಇಕ್ಕಟ್ಟಾಗಿರುತ್ತವೆ. 2006ರಲ್ಲಿ ಐಸ್‌ಲ್ಯಾಂಡ್ ಬಳಿ ಸಿಕ್ಕ 'ಮಿಂಗ್' ಎಂಬ ಚಿಪ್ಪಿಗೆ ಮೊದಲು ಸುಮಾರು 405 ವರ್ಷ ಅಂದಿದ್ದರು. ಆ ಎಣಿಕೆ ನಡೆದದ್ದು ಗೆರೆಗಳು ತೀರಾ ಒತ್ತಾದ ಕೀಲಿನ ಭಾಗದಲ್ಲಿ. ಆಮೇಲೆ ಅಂಚಿನ ಕಡೆ ಎಣಿಸಿ, ಬೇರೆ ಚಿಪ್ಪುಗಳ ಜೊತೆ ತಾಳೆ ನೋಡಿದಾಗ 507 ಆಯಿತು. ನೂರು ವರ್ಷ ತಪ್ಪಿದರೆ ಸಮುದ್ರದ ಯಾವ ಘಟನೆ ಯಾವಾಗ ಆಯ್ತು ಅನ್ನೋದೇ ಅಡಿಮೇಲು, ಅಲ್ವಾ? ಹಾಗಾಗಿ ಅನುಮಾನ ಬಂದಾಗ ತೆಗೆದು ಮತ್ತೆ ಎಣಿಸಲು, ಇನ್ನೊಬ್ಬರಿಗೆ ಕಳಿಸಿ ಕೇಳಲು ಆಗಬೇಕು. ಹಗುರ ಹಾಳೆಗೆ ಅದು ಸುಲಭ.

ನೀರಿನ ಹಳೇ ತಾಪಮಾನ ಬೇಕಿದ್ದರೆ ಎರಡೂ ಸಾಲದು. ಅದಕ್ಕೆ ಪಟ್ಟಿ ಪಟ್ಟಿಯಾಗಿ ಪುಡಿ ಕೊರೆದು ಆಮ್ಲಜನಕದ ಐಸೊಟೋಪ್ (ತೂಕ ಬೇರೆ ಬೇರೆಯಾದ ಆಮ್ಲಜನಕದ ಪರಮಾಣುಗಳು) ಅಳೆಯಬೇಕು. ಆದ್ದರಿಂದ ಆಮ್ಲ, ಬಣ್ಣ ಮುಟ್ಟಿಸುವ ಮೊದಲೇ ಒಂದು ಹೋಳು ತೆಗೆದಿಟ್ಟುಬಿಡಿ.