ಪಾಯಿಂಟ್ ವರ್ಗಾಯಿಸುವ ಮುಂಚೆ ಈ ಲೆಕ್ಕ ಹಾಕಿ

ಕ್ರೆಡಿಟ್ ಕಾರ್ಡಿನ ಪಾಯಿಂಟುಗಳನ್ನು ವಿಮಾನ ಕಂಪನಿಯ ಪಾಯಿಂಟ್ ಮಾಡಿಸಿಕೊಳ್ಳಬೇಕು ಅಂತಿದ್ದೀರಾ? ದಯವಿಟ್ಟು ಇದನ್ನು ಓದಿ ಆಮೇಲೆ ಮಾಡಿ. ಒಮ್ಮೆ ಆ ಕಡೆ ಹೋದ ಪಾಯಿಂಟ್ ವಾಪಸ್ ಬರುವುದಿಲ್ಲ. ನನ್ನವು ಹಾಗೇ ಹೋದವು.

ವಿರಾಜಪೇಟೆ ಹತ್ತಿರ ನಮ್ಮದೊಂದು ಸಣ್ಣ ಹೋಂಸ್ಟೇ ಇದೆ. ದಿನಸಿ, ಗ್ಯಾಸು, ತೋಟದ ಗೊಬ್ಬರ ಎಲ್ಲ ಕಾರ್ಡಿನಲ್ಲೇ ತರುತ್ತೇವೆ. ನಾಲ್ಕು ವರ್ಷದಲ್ಲಿ 64,000 ಪಾಯಿಂಟ್ ಸೇರಿತ್ತು. ಕಾರ್ಡ್ ಬಿಲ್ಲಿನಲ್ಲೇ ಕಳೆಸಿಕೊಂಡರೆ ಪಾಯಿಂಟಿಗೆ 25 ಪೈಸೆ, ಅಂದರೆ 16,000 ರೂಪಾಯಿ. ಅಷ್ಟರಲ್ಲಿ ಉಳಿದುಕೊಳ್ಳಲು ಬಂದಿದ್ದ ಅತಿಥಿಯೊಬ್ಬರು, 'ವಿಮಾನದ ಪಾಯಿಂಟ್ ಮಾಡಿಕೊಳ್ಳಿ, ಒಂದೊಂದಕ್ಕೂ ಒಂದು ರೂಪಾಯಿ ಬೆಲೆ ಬರುತ್ತದೆ' ಅಂದರು. ಅವರು ಸುಳ್ಳು ಹೇಳಲಿಲ್ಲ. ಅವರು ಪಾಯಿಂಟ್ ಕೊಟ್ಟು ಕೂರುವುದು ಬಿಸಿನೆಸ್ ಕ್ಲಾಸಿನಲ್ಲಿ. ಆ ಸೀಟಿನ ದರ ದೊಡ್ಡದು, ಹಾಗಾಗಿ ಪಾಯಿಂಟಿನ ಬೆಲೆಯೂ ದೊಡ್ಡದಾಗಿ ಕಾಣುತ್ತದೆ. ನಾನು ದುಡ್ಡು ಕೊಟ್ಟು ಆ ಸೀಟು ಯಾವತ್ತೂ ಕೊಳ್ಳುವವಳಲ್ಲ. ಅವರ ಲೆಕ್ಕ ನನಗೆ ಹೊಂದುವುದಿಲ್ಲ ಅಂತ ಆಗ ಹೊಳೆಯಲಿಲ್ಲ.

ದುಬೈನಲ್ಲಿರುವ ಮಗಳ ಬಾಣಂತನಕ್ಕೆ ಹೋಗಬೇಕಿತ್ತು. ಬೆಂಗಳೂರಿನಿಂದ ಹೋಗಿ ಬರಲು 32,000 ಪಾಯಿಂಟ್ ಸಾಕು ಅಂತ ತೋರಿಸಿತು. ನಮ್ಮ ಕಾರ್ಡಿನ ಎರಡು ಪಾಯಿಂಟಿಗೆ ವಿಮಾನ ಕಂಪನಿಯದು ಒಂದು. ಸರಿಯಾಗಿ 32,000 ಆಗುತ್ತದೆ ಅಂತ ಎಲ್ಲವನ್ನೂ ವರ್ಗಾಯಿಸಿದೆ. ಅದು ಖಾತೆಗೆ ಬಂದು ಬೀಳಲು ಮೂರು ದಿನ ಹಿಡಿಯಿತು. ಅಷ್ಟರಲ್ಲಿ ಅದೇ ಟಿಕೆಟ್ 40,000 ಪಾಯಿಂಟ್ ಆಗಿತ್ತು! ಟಿಕೆಟ್ ದರ ಏರಿಳಿದ ಹಾಗೆ ಬೇಕಾಗುವ ಪಾಯಿಂಟೂ ಏರಿಳಿಯುತ್ತದೆ. ಇದಕ್ಕೆ ಯಾರೂ ನಿಮಗೆ ಫೋನ್ ಮಾಡಿ ಹೇಳುವುದಿಲ್ಲ. ಕಡಿಮೆ ಬಿದ್ದ 8,000 ಪಾಯಿಂಟನ್ನು ತೆರಿಗೆ ಸೇರಿ 9,000 ರೂಪಾಯಿ ಕೊಟ್ಟು ಕೊಂಡುಕೊಂಡೆ. ಕೊನೆಗೆ ದುಡ್ಡು ಕಟ್ಟುವ ಪುಟಕ್ಕೆ ಹೋದರೆ ತೆರಿಗೆ, ಇಂಧನದ ಸರ್‌ಚಾರ್ಜ್ ಅಂತ ಇನ್ನೂ 11,800 ರೂಪಾಯಿ. 'ಪಾಯಿಂಟಿನಲ್ಲಿ ಟಿಕೆಟ್' ಅಂದರೆ ಪುಕ್ಕಟೆ ಅಲ್ಲ, ಇದೊಂದು ತಲೆಯಲ್ಲಿರಲಿ.

ದುಬೈಗೆ ಹೋದ ಮೇಲೆ ಅಳಿಯ ಕೂತು ಲೆಕ್ಕ ಹಾಕಿಸಿದ. ಅದೇ ಟಿಕೆಟ್ ದುಡ್ಡಿಗೆ 27,000 ರೂಪಾಯಿ ಇತ್ತು. ಅದರಲ್ಲಿ ನಾನು ಹೇಗೂ ಕೈಯಿಂದ ಕಟ್ಟಿದ 11,800 ಕಳೆಯಿರಿ. ಉಳಿದದ್ದು 15,200. ಅದನ್ನು 40,000ದಿಂದ ಭಾಗಿಸಿದರೆ ಪಾಯಿಂಟಿಗೆ 38 ಪೈಸೆ. ಅಂದರೆ 9,000 ಕೊಟ್ಟು ಕೊಂಡ ಪಾಯಿಂಟುಗಳ ಬೆಲೆ ಬರೀ 3,040 ರೂಪಾಯಿ. ಕಾರ್ಡಿನಲ್ಲಿ 16,000 ಬಾಳುತ್ತಿದ್ದದ್ದು ಇಲ್ಲಿ 12,160 ಆಯಿತು.

ಇಷ್ಟಕ್ಕೇ ಮುಗಿದಿದ್ದರೆ ನಾನು ಬರೆಯುತ್ತಿರಲಿಲ್ಲ. ಅಳಿಯ ಇನ್ನೊಂದು ಮಾತು ಕೇಳಿದ. 'ಅತ್ತೆ, ಪಾಯಿಂಟ್ ಇಲ್ಲದಿದ್ದರೆ ನೀವು ಬೆಂಗಳೂರಿನಿಂದ ಬರ್ತಿದ್ರಾ?' ಇಲ್ಲ. ನಮಗೆ ಮಾಕುಟ್ಟ ಘಾಟಿ ಇಳಿದರೆ ಕೇರಳದ ಮಟ್ಟನ್ನೂರಿನಲ್ಲಿರುವ ಕಣ್ಣೂರು ವಿಮಾನ ನಿಲ್ದಾಣ. ಅದು 2018ರಲ್ಲಿ ಶುರುವಾದಾಗಿನಿಂದ ನಮ್ಮ ಕಡೆಯವರು ಗಲ್ಫಿಗೆ ಅಲ್ಲಿಂದಲೇ ಹೋಗುತ್ತಾರೆ. ಆ ದಿನ ಅಲ್ಲಿಂದ ಹೋಗಿ ಬರಲು 22,000 ರೂಪಾಯಿ ಇತ್ತು. ಬೆಂಗಳೂರು ನಿಲ್ದಾಣಕ್ಕೆ ಟ್ಯಾಕ್ಸಿ ಒಂದು ಸಲಕ್ಕೆ 7,500, ಮಟ್ಟನ್ನೂರಿಗೆ 3,000. ಎರಡು ಸಲಕ್ಕೆ 9,000 ಜಾಸ್ತಿ. ಈಗ ಹೊಸದಾಗಿ ಕಳೆಯಿರಿ: 22,000ದಲ್ಲಿ 11,800 ಹೋಯಿತು, ಟ್ಯಾಕ್ಸಿಯ 9,000 ಹೋಯಿತು. ಉಳಿದದ್ದು 1,200 ರೂಪಾಯಿ. ಪಾಯಿಂಟಿಗೆ ಮೂರು ಪೈಸೆ.

ನಾಲ್ಕು ವರ್ಷ ಕೂಡಿಟ್ಟದ್ದು ಮೂರು ಪೈಸೆಗೆ. ಆ ರಾತ್ರಿ ನಿದ್ದೆ ಬರಲಿಲ್ಲ. ನನ್ನ ಕೈಯಿಂದ ಒಟ್ಟು ಹೋದದ್ದು 35,800. ಕಾರ್ಡಿನ 16,000 ಬಿಲ್ಲಿಗೆ ಹಾಕಿಕೊಂಡು ಮಟ್ಟನ್ನೂರಿನಿಂದ ಹೋಗಿದ್ದರೆ ಟ್ಯಾಕ್ಸಿ ಸೇರಿ 12,000ದಲ್ಲಿ ಮುಗಿಯುತ್ತಿತ್ತು.

ಕೊಡಗಿನವರಿಗೆ ಈ ಲೆಕ್ಕ ಹೊಸದೇನಲ್ಲ, ಅಲ್ವಾ? ರೋಬಸ್ಟಾ ಕಾಫಿಯ ಚೆರಿ, ಅಂದರೆ ಸಿಪ್ಪೆ ಸಮೇತ ಒಣಗಿಸಿದ ಹಣ್ಣು, ಮಾರುವಾಗ ಚೀಲ 50 ಕೆಜಿ ಇದೆ ಅಂತ ಅಷ್ಟಕ್ಕೇ ರೇಟು ಆಗುವುದಿಲ್ಲ. ಔಟ್‌ಟರ್ನ್ ಎಷ್ಟು ಅಂತ ನೋಡುತ್ತಾರೆ. ಸಿಪ್ಪೆ ಹೋಗಿ ಎಷ್ಟು ಕಾಳು ಉಳಿಯಿತೋ ಅದಕ್ಕೇ ದುಡ್ಡು. ಖಾತೆಯಲ್ಲಿ ಕಾಣುವ ಪಾಯಿಂಟ್ ಸಿಪ್ಪೆ ಸಮೇತದ ತೂಕ.

ಹಾಗಾಗಿ ಟಿಕೆಟ್ ಯಾವುದು ಅಂತ ಮೊದಲು ಗೊತ್ತಾಗಲಿ. ದುಡ್ಡು ಕೊಟ್ಟರೆ ನೀವು ನಿಜವಾಗಿ ಯಾವ ಊರಿನಿಂದ, ಯಾವ ವಿಮಾನದಲ್ಲಿ ಹೋಗುತ್ತಿದ್ದಿರಿ ನೋಡಿ, ಆ ದರದಿಂದ ಶುರು ಮಾಡಿ. ಕೈಯಿಂದ ಕಟ್ಟುವ ತೆರಿಗೆ, ಜಾಸ್ತಿಯಾಗುವ ಟ್ಯಾಕ್ಸಿ ಎಲ್ಲ ಅದರಲ್ಲಿ ಕಳೆಯಿರಿ. ದುಡ್ಡು ಕೊಟ್ಟು ಕೊಂಡ ಟಿಕೆಟಿಗೆ ಹೊಸ ಪಾಯಿಂಟ್ ಬರುವುದಿದ್ದರೆ ಅದರ ಬೆಲೆಯನ್ನೂ ಕಳೆಯಿರಿ. ಉಳಿದದ್ದನ್ನು ಬೇಕಾಗುವ ಪಾಯಿಂಟಿನಿಂದ ಭಾಗಿಸಿ. ಬಂದ ಉತ್ತರ ನಿಮ್ಮ ಕಾರ್ಡ್ ಕೊಡುವುದಕ್ಕಿಂತ ಕಡಿಮೆ ಇದ್ದರೆ ವರ್ಗಾಯಿಸಲೇಬೇಡಿ. ಎರಡಕ್ಕೆ ಒಂದು ಅನ್ನುವ ಕಾರ್ಡಾದರೆ ಉತ್ತರವನ್ನು ಅರ್ಧ ಮಾಡಿ ಹೋಲಿಸಿ. ನನ್ನ 38 ಪೈಸೆ ನಿಜಕ್ಕೂ 19 ಪೈಸೆ. 'ಮುಂದೆ ಯಾವಾಗಲಾದರೂ ಬೇಕಾಗುತ್ತದೆ' ಅಂತ ಸುಮ್ನೆ ವರ್ಗಾಯಿಸಿ ಇಡುವುದಂತೂ ಬೇಡವೇ ಬೇಡ. ಅವಧಿ ಮುಗಿಯಬಹುದು. ಕಂಪನಿಯೇ ನಿಲ್ಲಬಹುದು, ಜೆಟ್ ಏರ್‌ವೇಸ್ 2019ರ ಏಪ್ರಿಲ್‌ನಲ್ಲಿ ಹಾರಾಟ ನಿಲ್ಲಿಸಿದ್ದು ನೆನಪಿರಬಹುದು.

ಮೊಮ್ಮಗಳಿಗೆ ಈಗ ಹತ್ತು ತಿಂಗಳು. ಮುಂದಿನ ತಿಂಗಳು ಮತ್ತೆ ಹೊರಡುತ್ತಿದ್ದೇನೆ. ಈ ಸಲ ಮಟ್ಟನ್ನೂರಿನಿಂದ, ದುಡ್ಡು ಕೊಟ್ಟೇ ಟಿಕೆಟ್ ಮಾಡಿಸಿದ್ದೇನೆ.